ಹಾಲು ಹುಡುಕಿದರೆ ಹುಲಿ ಬಂತು

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದವರು ಒಂದು ಕೆಲಸಕ್ಕೆ ಕೈ ಹಾಕಿದ್ವಿ. ಸಂಘದ ಹಳೆಯ ಸಂಚಿಕೆಗಳನ್ನೆಲ್ಲ ಒಂದು ಪುಟದಲ್ಲಿ ಹಾಕಿ, ಮೇಲೊಂದು ಹುಡುಕುವ ಪೆಟ್ಟಿಗೆ ಇಡೋದು. ಅಷ್ಟೇ. ಹಳೆಯ ಸಂಚಿಕೆಗಳು ಯೂನಿಕೋಡ್‌ಗಿಂತ ಮುಂಚಿನ ಫಾಂಟ್‌ನಲ್ಲಿದ್ದವು. ಅವನ್ನು ಯೂನಿಕೋಡ್‌ಗೆ ಬದಲಾಯಿಸೋಕೆ ನಾವೇ ಒಂದು ಪುಟ್ಟ ಪ್ರೋಗ್ರಾಂ ಬರೆದ್ವಿ. ಪುಟ ಚೆನ್ನಾಗೇ ಬಂತು. ಓದೋಕೆ ಅಕ್ಷರ ಸೊಗಸಾಗಿ ಕಾಣ್ತಿತ್ತು.

ಹಿಂದಿನ ದಿನ ಲೈಬ್ರರಿಯ ಅಟೆಂಡರ್ ಅಣ್ಣ ಬಂದು ಪಕ್ಕದಲ್ಲಿ ಕೂತರು. ಹಾರೋಹಳ್ಳಿಯವರೇ. "ನಮ್ಮೂರಿನ ಬಗ್ಗೆ ಯಾವ್ದೋ ವರ್ಷದ್ದರಲ್ಲಿ ಒಂದು ಲೇಖನ ಬಂದಿತ್ತು ಕಣ್ರಪ್ಪಾ, ಹುಡುಕಿ ನೋಡೋಣ" ಅಂದರು. 'ಹಾರೋಹಳ್ಳಿ' ಅಂತ ಟೈಪ್ ಮಾಡಿದೆ. 0 ಫಲಿತಾಂಶ. ಇನ್ನೊಂದ್ಸಲ ಮಾಡಿದೆ. ಮತ್ತೆ 0. ಆ ಲೇಖನ ಅಲ್ಲೇ ಇದೆ, ಕೈಯಲ್ಲಿ ಪುಟ ಜರುಗಿಸಿದರೆ ಕಣ್ಣಿಗೆ ಕಾಣುತ್ತೆ. ಕಂಪ್ಯೂಟರ್ ಮಾತ್ರ ಇಲ್ಲ ಅನ್ನುತ್ತೆ. ಅಣ್ಣ ನಕ್ಕು, "ಹಂಗಾದ್ರೆ ನಮ್ಮೂರೇ ಇಲ್ವಾ ಇದ್ರೊಳಗೆ?" ಅಂತ ಕೇಳಿ ಎದ್ದು ಹೋದರು. ಅವರಿಗೆ ಅದು ತಮಾಷೆ. ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ. ಯಾಕಂದ್ರೆ ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಅದರೊಳಗೇ ಇದೆ. ನಮಗೆ ಕೋಡ್ ಬರೆಯೋದನ್ನು ನಾಲ್ಕು ವರ್ಷ ಕಲಿಸ್ತಾರೆ. ಬೇರೆಯವರು ಬರೆದ ಕೋಡ್‌ನಲ್ಲಿ, ಅದರ ಕೈಪಿಡಿಯಲ್ಲಿ ಹುಡುಕೋದನ್ನು ಒಂದು ಗಂಟೆಯೂ ಕಲಿಸಲ್ಲ. ಓಪನ್ ಸೋರ್ಸ್ ಅಂದರೆ ಮೂಲ ತೆರೆದಿದೆ ಅಂತ. ಹುಡುಕೋಕೆ ಬಾರದವನಿಗೆ ಅದು ತೆರೆದಿದ್ದರೇನು, ಮುಚ್ಚಿದ್ದರೇನು?

ರಾಜ್ಯೋತ್ಸವ ಹೇಗೋ ದಾಟಿತು. ಮಾರನೇ ದಿನ ರೂಮ್‌ಮೇಟ್ ಒಂದು ಉಪಾಯ ಹೇಳಿದ. ನಾವು ಬಳಸ್ತಿದ್ದ ಡೇಟಾಬೇಸ್ ಎಸ್‌ಕ್ಯೂಲೈಟ್. ಅದರಲ್ಲಿ ಎಫ್‌ಟಿಎಸ್5 ಅನ್ನೋ ಪೂರ್ಣಪಠ್ಯ ಹುಡುಕಾಟದ ಭಾಗ ಇದೆ. ಬರಹವನ್ನು ಪದಪದವಾಗಿ ಒಡೆದು ಸೂಚಿ ಮಾಡಿಟ್ಟುಕೊಳ್ಳುತ್ತೆ. ಅದಕ್ಕೆ ಬದಲಾಯಿಸಿದ್ವಿ. 'ಹಾರೋಹಳ್ಳಿ' ಸಿಕ್ಕಿಬಿಡ್ತು! ಎಲ್ಲರೂ ಟೀ ಕುಡಿದು ಬಂದ್ವಿ. ಆಮೇಲೆ ಜೂನಿಯರ್ ಒಬ್ಬಳು ಸುಮ್ಮನೆ 'ಹಾಲು' ಅಂತ ಹುಡುಕಿದಳು. ಹಾಲು ಬಂತು. ಜೊತೆಗೆ ಹುಲಿ ಬಂತು. ಹೊಲ ಬಂತು. ಹೊಲಿಗೆ ಯಂತ್ರದ ಜಾಹೀರಾತೂ ಬಂತು.

"ಲೋ, ಹಾಲು ಕೇಳಿದ್ರೆ ಹುಲಿ ಕೊಡ್ತಾ ಇದೆಯಲ್ಲೋ ನಿನ್ನ ಡೇಟಾಬೇಸು!"

ಆಮೇಲೆ ನಾವು ಮಾಡಿದ್ದು ನೀವೆಲ್ಲ ಮಾಡೋದೇ. ಮೊದಲು ಗೂಗಲ್. ಆಮೇಲೆ ಯೂಟ್ಯೂಬ್. ಆಮೇಲೆ ಚಾಟ್‌ಬಾಟ್. ಅದು ಬಹಳ ವಿನಯದಿಂದ ಫಾಂಟ್ ಮತ್ತೆ ಹಾಕಿ ಅಂತು, ಎನ್‌ಕೋಡಿಂಗ್ ಯುಟಿಎಫ್-8 ಇದೆಯಾ ನೋಡಿ ಅಂತು, ಕೊನೆಗೆ ಡೇಟಾಬೇಸ್ ಬದಲಾಯಿಸಿ ಅಂತು. ಒಂದೊಂದನ್ನೂ ಮಾಡಿ ನೋಡೋಕೆ ಒಂದೊಂದು ರಾತ್ರಿ. ಹೀಗೆ ಮೂರು ರಾತ್ರಿ ಹೋಯ್ತು.

ನಾಲ್ಕನೇ ದಿನ ಅದೇ ಜೂನಿಯರ್ ಎಸ್‌ಕ್ಯೂಲೈಟ್‌ನ ಮೂಲ ಕೋಡ್ ಇಳಿಸಿಕೊಂಡು ಬಂದಳು. ಸೆಟ್ಟಿಂಗ್‌ನಲ್ಲಿ ಪದ ಒಡೆಯುವ ಭಾಗದ ಹೆಸರು 'ಯೂನಿಕೋಡ್61' ಅಂತಿತ್ತು. ಯೂನಿಕೋಡ್‌ನ 6.1ನೇ ಆವೃತ್ತಿಯನ್ನು ಅನುಸರಿಸುವುದರಿಂದ ಆ ಹೆಸರು. ಆ ಒಂದು ಪದವನ್ನು ಹಿಡಿದುಕೊಂಡು ಇಡೀ ಕೋಡ್‌ನಲ್ಲಿ ಗ್ರೆಪ್ ಮಾಡಿದಳು, ಕೈಪಿಡಿಯಲ್ಲೂ ಹುಡುಕಿದಳು. ಅರ್ಧ ಗಂಟೆ ಹಿಡೀಲಿಲ್ಲ. ಕೈಪಿಡಿಯಲ್ಲಿ ಒಂದು ಪ್ಯಾರಾ ಸ್ಪಷ್ಟವಾಗಿ ಹೇಳಿತ್ತು: ಯಾವ ಯಾವ ವರ್ಗದ ಅಕ್ಷರಗಳನ್ನು ಪದದ ಭಾಗ ಅಂತ ಎಣಿಸಬೇಕು ಅನ್ನೋದನ್ನು ನೀವೇ ಹೇಳಬಹುದು, ಏನೂ ಹೇಳದಿದ್ದರೆ ಅಕ್ಷರ, ಅಂಕಿ, ಜೊತೆಗೆ ಖಾಸಗಿ ಬಳಕೆಯ ಸಂಕೇತಗಳು ಮಾತ್ರ.

ಇಲ್ಲೇ ಇತ್ತು ಹುಲಿ. ಯೂನಿಕೋಡ್ ಲೆಕ್ಕದಲ್ಲಿ ನಮ್ಮ 'ಹ', 'ಲ' ಅಕ್ಷರಗಳು. ಆದರೆ ಕಾಗುಣಿತದ ಚಿಹ್ನೆಗಳು, ಅಂದರೆ ದೀರ್ಘ, ಗುಡಿಸು, ಕೊಂಬು, ಎತ್ವ, ಒತ್ವ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ, ಇವೆಲ್ಲ ಬೇರೆ ವರ್ಗ, 'ಮಾರ್ಕ್' ಅನ್ನೋ ವರ್ಗ. ಆ ವರ್ಗ ಪಟ್ಟಿಯಲ್ಲಿ ಇಲ್ಲ ಅಂದರೆ ಅವು ಖಾಲಿ ಜಾಗಕ್ಕೆ ಸಮ. 'ಹಾಲು' ಒಡೆದರೆ ಹ, ಲ. 'ಹುಲಿ' ಒಡೆದರೂ ಹ, ಲ. 'ಹೊಲ' ಕೂಡ ಹ, ಲ. ಕಾಗುಣಿತ ಕಿತ್ತುಹಾಕಿದ ಮೇಲೆ ಹಾಲಿಗೂ ಹುಲಿಗೂ ಏನು ವ್ಯತ್ಯಾಸ! ಆ ಪಟ್ಟಿಗೆ ಮಾರ್ಕ್ ವರ್ಗವನ್ನು ಸೇರಿಸಿದ್ವಿ. ಒಂದೇ ಸಾಲಿನ ಬದಲಾವಣೆ. ಹುಲಿ ಹೋಯ್ತು.

ಆದರೆ ಹುಲಿಯ ಜೊತೆ ಹಾರೋಹಳ್ಳಿಯೂ ಹೋಯ್ತು. ಮತ್ತೆ 0 ಫಲಿತಾಂಶ.

ಈ ಸಲ ಯಾರೂ ಚಾಟ್‌ಬಾಟ್ ತೆರೆಯಲಿಲ್ಲ. ಮೊದಲು ಸಂಚಿಕೆಯಲ್ಲಿದ್ದ 'ರೋ' ಮತ್ತು ನಾವು ಟೈಪ್ ಮಾಡಿದ 'ರೋ' ಎರಡನ್ನೂ ಪೈಥಾನ್‌ನಲ್ಲಿ ಸಂಕೇತಸಂಕೇತವಾಗಿ ಬಿಡಿಸಿ ನೋಡಿದ್ವಿ. ಕೀಬೋರ್ಡ್‌ನಿಂದ ಬಂದದ್ದರಲ್ಲಿ 'ರ' ಮತ್ತು ಓತ್ವ, ಎರಡೇ. ನಮ್ಮ ಪರಿವರ್ತಕ ಬರೆದದ್ದರಲ್ಲಿ 'ರ', ಎತ್ವ, ಕೊಂಬಿನ ಇಳಿ, ದೀರ್ಘ, ಒಟ್ಟು ನಾಲ್ಕು. ಹಳೆಯ ಫಾಂಟ್‌ನಲ್ಲಿ ಆ ಚೂರುಗಳು ಬೇರೆ ಬೇರೆ ಇದ್ದವು, ನಾವು ಒಂದಕ್ಕೊಂದು ಹಾಗೇ ಇಳಿಸಿಬಿಟ್ಟಿದ್ವಿ. ಪರದೆ ಮೇಲೆ ಎರಡೂ ಒಂದೇ ಥರ. ಯೂನಿಕೋಡ್ ಕೂಡ ಇವೆರಡೂ ಸಮಾನ ಅಂತಲೇ ಹೇಳುತ್ತೆ. ಆದರೆ ಬೈಟ್‌ಗೆ ಬೈಟ್ ಹೋಲಿಸುವ ಪ್ರೋಗ್ರಾಂಗೆ ಇವು ಬೇರೆ ಬೇರೆ. ಮೊದಲ ದಿನ ಅಣ್ಣನ ಊರು ಸಿಗದೇ ಇದ್ದದ್ದು ಇದಕ್ಕೇ. ನಡುವೆ ಸಿಕ್ಕಿದ್ದು, ಕಾಗುಣಿತವನ್ನೇ ಎಸೆದುಬಿಟ್ಟಿದ್ದರಿಂದ. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಟ್ಟಿತ್ತು.

ಪರಿಹಾರವೂ ಕೈಪಿಡಿಯಲ್ಲೇ ಇತ್ತು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅನ್ನೋ ಫಂಕ್ಷನ್ ಇದೆ. ಎನ್‌ಎಫ್‌ಸಿ ರೂಪಕ್ಕೆ ತಾ ಅಂದರೆ ಆ ಮೂರು ಚೂರನ್ನು ಸೇರಿಸಿ ಒಂದೇ ಓತ್ವ ಮಾಡುತ್ತೆ. ಸಂಚಿಕೆಯ ಬರಹಕ್ಕೂ ಹುಡುಕುವ ಪದಕ್ಕೂ ಎರಡಕ್ಕೂ ಮಾಡಬೇಕು. ಆಮೇಲೆ ಬೇರೆಯವರು ಇದನ್ನ ಹೇಗೆ ನಿಭಾಯಿಸಿದ್ದಾರೆ ಅಂತ ಕುತೂಹಲ ಬಂತು. ಲ್ಯೂಸೀನ್ ಅನ್ನೋ ಹೆಸರಾಂತ ಹುಡುಕಾಟದ ಲೈಬ್ರರಿಯ ಕೋಡ್‌ನಲ್ಲಿ ಭಾರತೀಯ ಲಿಪಿಗಳ ಬರಹವನ್ನು ಒಂದೇ ರೂಪಕ್ಕೆ ತರುವ ಭಾಗವೇ ಇದೆ. ದೇವನಾಗರಿ, ತಮಿಳು, ತೆಲುಗಿನ ಜೊತೆ ಕನ್ನಡವೂ ಅದರ ಪಟ್ಟಿಯಲ್ಲಿದೆ. ನಮಗಿಂತ ಮುಂಚೆ ಯಾರೋ ಇದೇ ಗುಂಡಿಗೆ ಬಿದ್ದು, ಎದ್ದು, ಮುಚ್ಚಿ ಹೋಗಿದ್ದಾರೆ. ನಾವು ಮಾತ್ರ ನೋಡಿರಲಿಲ್ಲ.

ಇನ್ನೂ ಒಂದಿತ್ತು. 'ಸಾಫ್ಟ್‌ವೇರ್' ಅನ್ನೋ ಪದದ ನಡುವೆ, ವ ಒತ್ತಾಗಿ ಕೆಳಗಿಳಿಯದಿರಲಿ ಅಂತ ನಾವು ಹಾಕುವ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತೆ. 'ರ‍್ಯಾಲಿ' ಬರೆಯುವಾಗ ಬೇಕಾಗೋದು ಅದರ ಅಣ್ಣತಮ್ಮ. ಒಬ್ಬರು ಹಾಕಿರ್ತಾರೆ, ಇನ್ನೊಬ್ಬರು ಹಾಕಿರಲ್ಲ. ಎನ್‌ಎಫ್‌ಸಿ ಇದನ್ನ ತೆಗೆಯಲ್ಲ. ಹಾಗಾಗಿ ಓದುವ ಬರಹದಲ್ಲಿ ಅದನ್ನು ಹಾಗೇ ಬಿಟ್ಟು, ಹುಡುಕುವ ಸೂಚಿಯಲ್ಲಿ ಮಾತ್ರ ತೆಗೆದುಹಾಕಿದ್ವಿ.

ಇದರಲ್ಲಿ ಎಸ್‌ಕ್ಯೂಲೈಟ್‌ನ ತಪ್ಪಿಲ್ಲ. ಅದು ತಾನು ಏನು ಮಾಡ್ತೀನಿ ಅಂತ ಬರೆದಿಟ್ಟಿತ್ತು. ಓದದೇ ಇದ್ದವರು ನಾವು. ಮೂರು ರಾತ್ರಿ ಕಳೆದದ್ದು ಕಷ್ಟದ ಸಮಸ್ಯೆಯಿಂದ ಅಲ್ಲ, ಎಲ್ಲಿ ಹುಡುಕಬೇಕು ಅಂತ ಗೊತ್ತಿಲ್ಲದ್ದರಿಂದ.

ರಾಮನಗರದ ಕಡೆ ರೇಷ್ಮೆ ನೂಲು ಬಿಚ್ಚೋದನ್ನು ನೋಡಿದವರಿಗೆ ಇದು ಹೊಸದಲ್ಲ. ಬೆಂದ ಗೂಡಿನಲ್ಲಿ ಎಳೆಯ ತುದಿ ಸಿಗೋವರೆಗೆ ಅದು ಬರೀ ಗೂಡು. ತುದಿ ಸಿಕ್ಕರೆ ಉಳಿದದ್ದು ಬಿಚ್ಚಿಕೊಳ್ಳುತ್ತಾ ಬರುತ್ತೆ. ಕೋಡ್‌ನಲ್ಲಿ ಆ ತುದಿ ಅಂದರೆ ಸರಿಯಾದ ಒಂದು ಪದ. 'ಕನ್ನಡ ಸರ್ಚ್ ಕೆಲಸ ಮಾಡ್ತಿಲ್ಲ' ಅನ್ನೋದು ತುದಿ ಅಲ್ಲ, 'ಯೂನಿಕೋಡ್61' ಅನ್ನೋದು ತುದಿ.

ಅಂಥ ತುದಿ ಹಿಡಿಯೋಕೆ ನಾವು ಕಲಿತ ನಾಲ್ಕು ದಾರಿ ಹೇಳ್ತೀನಿ.

ಒಂದು, ಎರರ್ ಸಂದೇಶದಲ್ಲಿ ಬದಲಾಗದ ಭಾಗವನ್ನಷ್ಟೇ ಹುಡುಕಿ. ನಿಮ್ಮ ಕಡತದ ಹೆಸರು, ಸಾಲಿನ ಸಂಖ್ಯೆ ಬಿಟ್ಟುಬಿಡಿ. ಅವು ಮೂಲದಲ್ಲಿ ಇರಲ್ಲ.

ಎರಡು, ಕೈಪಿಡಿ ಅರ್ಥ ಆಗದಿದ್ದರೆ ಟೆಸ್ಟ್ ಕಡತಗಳಲ್ಲಿ ಹುಡುಕಿ. ಆ ಫಂಕ್ಷನ್‌ಗೆ ಏನು ಕೊಟ್ಟರೆ ಏನು ಬರಬೇಕು ಅಂತ ಅಲ್ಲಿ ಉದಾಹರಣೆ ಸಮೇತ ಇರುತ್ತೆ. ನೀವು ಬಳಸ್ತಿರುವ ಆವೃತ್ತಿಯ ಕೈಪಿಡಿಯನ್ನೇ ನೋಡ್ತಿದ್ದೀರಾ ಅನ್ನೋದನ್ನೂ ಖಾತ್ರಿ ಮಾಡ್ಕೊಳ್ಳಿ.

ಮೂರು, ಇಂದಿನ ಕೋಡ್ ಮಾತ್ರ ಅಲ್ಲ, ಅದರ ಇತಿಹಾಸದಲ್ಲೂ ಹುಡುಕಬಹುದು. ಗಿಟ್ ಲಾಗ್‌ಗೆ ಡ್ಯಾಷ್ ಕ್ಯಾಪಿಟಲ್ ಎಸ್ ಜೊತೆ ಒಂದು ಪದ ಕೊಟ್ಟರೆ ಆ ಪದ ಯಾವ ಕಮಿಟ್‌ನಲ್ಲಿ ಒಳಗೆ ಬಂತು, ಯಾವುದರಲ್ಲಿ ಹೊರಗೆ ಹೋಯ್ತು ಅಂತ ಹೇಳುತ್ತೆ. ಯಾಕೆ ಹೀಗೆ ಬರೆದರು ಅನ್ನೋ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಆ ಕಮಿಟ್‌ನ ಟಿಪ್ಪಣಿಯಲ್ಲಿ ಇರುತ್ತೆ.

ನಾಲ್ಕು, ಇದು ಕನ್ನಡದವರಿಗೆ ಮಾತ್ರ. ಲಿನಕ್ಸ್ ಅನ್ನು ಕನ್ನಡದಲ್ಲಿ ಬಳಸಿದರೆ ಎರರ್ ಕೂಡ ಕನ್ನಡದಲ್ಲಿ ಬರುತ್ತೆ. ಅದನ್ನ ಗೂಗಲ್‌ಗೆ ಹಾಕಿದರೆ ಏನೂ ಸಿಗಲ್ಲ, ಅಲ್ಲಿಗೇ ನಮ್ಮವರು ಭಾಷೆಯನ್ನು ಇಂಗ್ಲಿಷ್‌ಗೆ ಬದಲಾಯಿಸಿಬಿಡ್ತಾರೆ. ಅದಕ್ಕೆ ಮುಂಚೆ ಆ ಸಾಫ್ಟ್‌ವೇರ್‌ನ ಕನ್ನಡ ಅನುವಾದದ ಕಡತ ತೆರೆದು ಅದರೊಳಗೆ ಹುಡುಕಿ. ಗೆಟ್‌ಟೆಕ್ಸ್ಟ್ ಬಳಸುವ ಯೋಜನೆಗಳಲ್ಲಿ ಪ್ರತಿ ಕನ್ನಡ ವಾಕ್ಯದ ಮೇಲೆ ಅದರ ಇಂಗ್ಲಿಷ್ ಮೂಲ ಇರುತ್ತೆ. ಅದರ ಮೇಲೆ ಸಾಮಾನ್ಯವಾಗಿ ಆ ವಾಕ್ಯ ಯಾವ ಕಡತದ ಯಾವ ಸಾಲಿನಲ್ಲಿದೆ ಅನ್ನೋದೂ ಇರುತ್ತೆ. ಕನ್ನಡ ವಾಕ್ಯದಿಂದ ನೇರವಾಗಿ ಸಿ ಕೋಡ್‌ನ ಸಾಲಿಗೆ ಹೋಗಬಹುದು. ನಮ್ಮ ಅನುವಾದಕರು ಗೊತ್ತಿಲ್ಲದೇ ನಮಗೊಂದು ಸೂಚಿ ಮಾಡಿಟ್ಟಿದ್ದಾರೆ.

ಇದೆಲ್ಲ ದೊಡ್ಡವರ ಕೆಲಸ, ನಾವು ವಿದ್ಯಾರ್ಥಿಗಳು ಅನ್ನೋರು ಹುಡುಕಾಟದ ಈ ಸಾಧನಗಳ ಕಥೆಯನ್ನೇ ಕೇಳಿ. ಗ್ರೆಪ್ ಬರೆದದ್ದು ಯುನಿಕ್ಸ್‌ನ ಕೆನ್ ಥಾಂಪ್ಸನ್. 1973ರ ಯುನಿಕ್ಸ್‌ನಲ್ಲೇ ಅದು ಇತ್ತು. ಸರಿ, ಅವರು ದೊಡ್ಡವರೇ. ಆದರೆ ಗೂಗಲ್ ಕೋಡ್ ಸರ್ಚ್ ಅಂತ 2006ರಲ್ಲಿ ಬಂತಲ್ಲ, ಅದರ ಕೆಲಸ ಮಾಡಿದ ರಸ್ ಕಾಕ್ಸ್ ಆ ಬೇಸಿಗೆಯಲ್ಲಿ ಅಲ್ಲಿ ಇಂಟರ್ನ್. ಗೂಗಲ್ ಅದನ್ನು 2012ರ ಜನವರಿಯಲ್ಲಿ ಮುಚ್ಚಿತು. ಅದೇ ತಿಂಗಳು ಕಾಕ್ಸ್ ಅದು ಹೇಗೆ ಕೆಲಸ ಮಾಡ್ತಿತ್ತು ಅಂತ ವಿವರವಾಗಿ ಬರೆದು, ಅದೇ ವಿಧಾನದ ಒಂದು ಪುಟ್ಟ ಪ್ರೋಗ್ರಾಂ ಅನ್ನೂ ಎಲ್ಲರಿಗೂ ಕೊಟ್ಟರು. ಅದನ್ನು ತಳಹದಿ ಮಾಡಿಕೊಂಡು ಮೈಕೆಲ್ ಸ್ಟಾಪೆಲ್‌ಬರ್ಗ್ ಅನ್ನೋ ಜರ್ಮನಿಯ ವಿದ್ಯಾರ್ಥಿ ತನ್ನ ಪದವಿಯ ಪ್ರಬಂಧಕ್ಕಾಗಿ ಡೆಬಿಯನ್ ಕೋಡ್ ಸರ್ಚ್ ಕಟ್ಟಿದರು. ಡೆಬಿಯನ್‌ನಲ್ಲಿರುವ ಸಾವಿರಾರು ಯೋಜನೆಗಳ ಮೂಲ ಕೋಡ್‌ನಲ್ಲಿ ಒಂದೇ ಸಲಕ್ಕೆ ಹುಡುಕಬಹುದು, ಲಾಗಿನ್ ಬೇಡ. ಗಿಟ್‌ಹಬ್ ತನ್ನ ಹೊಸ ಕೋಡ್ ಸರ್ಚ್ ಅನ್ನು 2023ರಲ್ಲಿ ಎಲ್ಲರಿಗೂ ಬಿಟ್ಟಿತು, ಅದಕ್ಕೆ ಲಾಗಿನ್ ಬೇಕು. ಕಂಪನಿ ಮುಚ್ಚಿದರೂ ವಿದ್ಯೆ ಉಳೀತು. ಮೂಲ ತೆರೆದಿತ್ತು, ಒಬ್ಬ ವಿದ್ಯಾರ್ಥಿಗೆ ಅದನ್ನ ಓದೋಕೆ ಬರ್ತಿತ್ತು.

ಕಾಕ್ಸ್ ವಿವರಿಸಿದ ವಿಧಾನದಲ್ಲೂ ನಮಗೊಂದು ಪಾಠ ಇದೆ. ಬರಹವನ್ನು ಮೂರು ಮೂರು ಬೈಟ್‌ಗಳ ತುಣುಕಾಗಿ ಸೂಚಿ ಮಾಡೋದು. ಇಂಗ್ಲಿಷ್‌ಗೆ ಅದು ಮೂರು ಅಕ್ಷರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದರೆ ಅವರ ಮೂರಕ್ಷರದ ಜಾಗದಲ್ಲಿ ನಮ್ಮದು ಒಂದು ಅಕ್ಷರ, ಅಥವಾ ಬರೀ ಒಂದು ಕೊಂಬು. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಕನ್ನಡಕ್ಕೆ ಇದು ಸಾಕಾ, ಬೇರೆ ಏನಾದರೂ ಬೇಕಾ ಅನ್ನೋ ಪ್ರಶ್ನೆ ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ತಾನಾಗಿ ಹೊಳೆಯಲ್ಲ. ಹಾಲು, ಹುಲಿ ಒಂದಾದರೆ ಅವರಿಗೆ ಗೊತ್ತೇ ಆಗಲ್ಲ. ಗೊತ್ತಾಗೋದು ನಮಗೇ. ಹೇಳಬೇಕಾದವರೂ ನಾವೇ. ಹೇಳಬೇಕಾದರೆ ಯಾವ ಕಡತದ ಯಾವ ಸಾಲು ಅಂತ ತೋರಿಸೋಕೆ ಬರಬೇಕು.

ಈಗ ಎರಡು ಆಕ್ಷೇಪಗಳಿಗೆ ಬರ್ತೀನಿ.

"ಎಐ ಬಂದ ಮೇಲೆ ಇನ್ನೆಲ್ಲಿ ಗ್ರೆಪ್ ಮಗಾ?" ಅಂತಾರೆ. ನಾನು ಎಐ ಬಳಸಲ್ಲ ಅಂತ ಹೇಳಲ್ಲ, ದಿನಾ ಬಳಸ್ತೀನಿ. ಆದರೆ ಅದು ಕೊಟ್ಟ ಉತ್ತರ ಸರಿಯಾ ಅಂತ ನೋಡೋದು ಎಲ್ಲಿ? ಮೂಲದಲ್ಲೇ. ನಮ್ಮ ಮೂರು ರಾತ್ರಿ ಹೋದದ್ದು ಉತ್ತರ ಇಲ್ಲದೇ ಅಲ್ಲ, ಹತ್ತು ಉತ್ತರ ಇದ್ದು ಯಾವುದು ಸರಿ ಅಂತ ಪರೀಕ್ಷಿಸೋ ದಾರಿ ಗೊತ್ತಿಲ್ಲದೇ. ಕನ್ನಡದ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಅಂತರ್ಜಾಲದಲ್ಲಿ ಇಂಗ್ಲಿಷ್‌ನವರ ಸಮಸ್ಯೆಗಳೇ ಹೆಚ್ಚು ಬರೆದಿರೋದರಿಂದ ಉತ್ತರವೂ ಆ ಕಡೆಗೇ ವಾಲುತ್ತೆ.

ಎರಡನೇದು ನಿಜಕ್ಕೂ ತೂಕದ ಆಕ್ಷೇಪ. ಕೈಪಿಡಿಗಳೆಲ್ಲ ಇಂಗ್ಲಿಷ್‌ನಲ್ಲಿವೆ. ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗೆಳೆಯರಿಗೆ ನೂರು ಪುಟದ ಇಂಗ್ಲಿಷ್ ಕೈಪಿಡಿ ನೋಡಿದರೆ ಎದೆ ಒಡೆಯುತ್ತೆ. ನಾನೂ ಅವರಲ್ಲೊಬ್ಬ. ಆದರೆ ನನಗೆ ಧೈರ್ಯ ಬಂದದ್ದು ಹುಡುಕೋದು ಕಲಿತ ಮೇಲೆಯೇ. ನೂರು ಪುಟ ಓದಬೇಕಿಲ್ಲ. ಒಂದು ಪದ ಹುಡುಕಿ, ಸಿಕ್ಕ ಐದು ಸಾಲನ್ನು ಓದಬೇಕು. ಐದು ಸಾಲಿನ ಇಂಗ್ಲಿಷ್ ಯಾರಿಗೂ ದೊಡ್ಡದಲ್ಲ. ಇಂಗ್ಲಿಷ್‌ನಲ್ಲಿ ಪಟಪಟ ಮಾತಾಡೋರಿಗೂ ನಮಗೂ ಇರೋ ಅಂತರ ಅಲ್ಲಿ ಬಹಳ ಕಡಿಮೆಯಾಗುತ್ತೆ. ಕೋಡ್‌ಗೆ ನಮ್ಮ ಉಚ್ಚಾರಣೆ ಬೇಕಿಲ್ಲ.

ಹಾಗಂತ ಹೊಣೆಯೆಲ್ಲ ವಿದ್ಯಾರ್ಥಿಗಳ ತಲೆ ಮೇಲೆ ಹಾಕಿ ಕೂರೋದು ಸರಿಯಲ್ಲ. ನನ್ನದು ಮೂರು ಬೇಡಿಕೆ. ಎರಡು ಕಾಲೇಜುಗಳಿಗೆ, ಒಂದು ನಮಗೇ.

ಎರಡನೇ ವರ್ಷದ ಯಾವುದಾದರೂ ಲ್ಯಾಬ್‌ನಲ್ಲಿ ಎರಡು ಗಂಟೆ ಇದಕ್ಕೆ ಕೊಡಿ. ಒಂದು ದೊಡ್ಡ ಓಪನ್ ಸೋರ್ಸ್ ಯೋಜನೆಯ ಕೋಡ್ ಕೊಟ್ಟು, 'ಈ ಎರರ್ ಎಲ್ಲಿಂದ ಬರುತ್ತೆ ಹುಡುಕಿ, ಯಾವ ಕಮಿಟ್‌ನಲ್ಲಿ ಸೇರಿತು ಹೇಳಿ' ಅನ್ನಿ. ವೈವಾದಲ್ಲಿ ವ್ಯಾಖ್ಯೆ ಕೇಳೋದಕ್ಕಿಂತ ಇದು ಹೆಚ್ಚು ತಿಳಿಸುತ್ತೆ.

ಕಾಲೇಜಿನ ಒಳಜಾಲದಲ್ಲಿ ಕೈಪಿಡಿಗಳ, ಮುಖ್ಯ ಯೋಜನೆಗಳ ಮೂಲ ಕೋಡ್‌ನ ಒಂದು ಪ್ರತಿ ಇಡಿ. ಹಾಸ್ಟೆಲ್‌ನಲ್ಲಿ ನೆಟ್ ಹೋದರೆ ಕಲಿಕೆಯೂ ನಿಲ್ಲಬಾರದು. ಬನಶಂಕರಿಯಿಂದ ದಿನಾ ಬಸ್‌ನಲ್ಲಿ ಬರೋರು ಲ್ಯಾಪ್‌ಟಾಪ್‌ಗೆ ತುಂಬಿಕೊಂಡು ಹೋಗಲಿ. ಜೀಲ್‌ನಂಥ ಆಫ್‌ಲೈನ್ ಕೈಪಿಡಿ ಓದುವ ಸಾಧನಗಳು ಪುಕ್ಕಟೆ ಸಿಗ್ತವೆ. ಒಂದು ಹಳೆಯ ಡೆಸ್ಕ್‌ಟಾಪ್, ಒಂದು ಹಾರ್ಡ್‌ಡಿಸ್ಕ್ ಸಾಕು.

ಮೂರನೇದು ಕನ್ನಡ ಸಂಘದವರಾದ ನಮಗೆ. ನೀವು ಬಿಡಿಸಿದ ಒಂದೊಂದು ಸಮಸ್ಯೆಯನ್ನೂ ಕನ್ನಡದಲ್ಲಿ ಬರೆದಿಡಿ. ಎರರ್ ಏನು ಬಂತು, ಯಾವ ಪದ ಹುಡುಕಿದೆ, ಯಾವ ಕಡತದಲ್ಲಿ ಸಿಕ್ತು, ಇಷ್ಟೇ ಸಾಕು. ಚಿತ್ರವಾಗಿ ಅಲ್ಲ, ಪಿಡಿಎಫ್ ಆಗಿ ಅಲ್ಲ, ಯೂನಿಕೋಡ್ ಪಠ್ಯವಾಗಿ ಬರೆಯಿರಿ. ವಚನ ಸಂಚಯದಲ್ಲಿ ಒಂದು ಪದ ಹಾಕಿದರೆ ಅದು ಬಂದಿರೋ ವಚನಗಳೆಲ್ಲ ಎದುರಿಗೆ ಬರ್ತವೆ. ಹನ್ನೆರಡನೇ ಶತಮಾನದ ಮಾತು ಸಿಗುತ್ತೆ, ಕಳೆದ ವರ್ಷ ನಮ್ಮ ಲ್ಯಾಬ್‌ನಲ್ಲಿ ಕಲಿತದ್ದು ಸಿಗಲ್ಲ ಅಂದರೆ ಹೇಗೆ?

ಎಲ್ಲ ಸರಿಯಾದ ಮೇಲೆ ಲೈಬ್ರರಿಗೆ ಹೋಗಿ ಅಣ್ಣನನ್ನು ಕರೆದುಕೊಂಡು ಬಂದ್ವಿ. ಈ ಸಲ ಅವರೇ ಟೈಪ್ ಮಾಡಲಿ ಅಂತ ಕೀಬೋರ್ಡ್ ಕೊಟ್ವಿ. ಒಂದು ಬೆರಳಲ್ಲಿ ನಿಧಾನಕ್ಕೆ 'ಹಾರೋಹಳ್ಳಿ' ಒತ್ತಿದರು. ಲೇಖನ ಬಂತು. ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ಓದಿದರು. ಮುಗಿದ ಮೇಲೆ, "ನಮ್ಮ ಕೆರೆ ಬಗ್ಗೆನೂ ಯಾರೋ ಬರೆದಿದ್ರಲ್ಲ, ಅದೂ ನೋಡಿ" ಅಂದರು. ಹುಡುಕಿದ್ವಿ, ಇರಲಿಲ್ಲ. ಈ ಸಲ ಅದು ನಿಜಕ್ಕೂ ಸಂಚಿಕೆಗಳಲ್ಲಿ ಇರಲಿಲ್ಲ, ಪರೀಕ್ಷಿಸಿ ನೋಡಿದ್ವಿ. ಆ ಲೇಖನ ಯಾರ ಹತ್ತಿರವಾದರೂ ಇದ್ದರೆ ಸಂಘಕ್ಕೆ ತಲುಪಿಸಿ, ಸೇರಿಸ್ತೀವಿ. ನಮ್ಮ ಪರಿವರ್ತಕದ ಕೋಡ್ ಕೂಡ ಸಂಘದ ಪುಟದಲ್ಲಿದೆ. ತೆಗೆದು ನೋಡಿ, ತಪ್ಪು ಹುಡುಕಿ, ಸಾಲಿನ ಸಂಖ್ಯೆ ಸಮೇತ ಹೇಳಿ.